ಅಕ್ಷರ ಕುಣಿದರೆ ಅಂದೇ ಹೇಳಿ: ಜೆಂಟಾಮೈಸಿನ್ ನಂತರ ಮತ್ತೆ ನಡೆಯಲು ಕಲಿತ ಬಗೆ

ಆಸ್ಪತ್ರೆಯಿಂದ ಮನೆಗೆ ಬಂದ ಹತ್ತನೇ ದಿನ ಸಂಜೆ, ನಮ್ಮ ಹಳ್ಳದ ಸಂಕದ ಮೇಲೆ ನನಗೆ ಮೊದಲ ಸಲ ಭಯವಾಯಿತು. ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ ಅದು. ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರು. ಟಪಾಲು ಚೀಲ ಹೆಗಲಿಗೆ ಹಾಕಿಕೊಂಡು 22 ವರ್ಷ ಅದನ್ನು ದಾಟಿದ್ದೇನೆ, ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡೇ. ಅವತ್ತು ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಎರಡು ಹೆಜ್ಜೆ ಇಟ್ಟೆ. ತಲೆ ಸುತ್ತಲಿಲ್ಲ, ಕಣ್ಣು ಮಂಜಾಗಲಿಲ್ಲ. ಆದರೆ ನೆಟ್ಟಗೆ ನಿಂತಿದ್ದೇನೋ ವಾಲಿದ್ದೇನೋ ಅನ್ನುವುದೇ ತಿಳಿಯದಾಯಿತು. ಅಲ್ಲೇ ಕೂತು, ಎರಡೂ ಬದಿಗೆ ಕಾಲು ಇಳಿಬಿಟ್ಟು, ಹಿಂದಕ್ಕೆ ಜರುಗಿ ಜರುಗಿ ದಡ ಸೇರಿದೆ.

ಮನೆಯಲ್ಲಿ, "ಒಂದು ತಿಂಗಳು ಮಲಗಿದ್ದವರಲ್ವಾ, ನಿಶ್ಶಕ್ತಿ. ಚೆನ್ನಾಗಿ ಊಟ ಮಾಡಿ, ಸರಿಯಾಗುತ್ತೆ" ಎಂದರು. ಪೇಟೆಯ ಡಾಕ್ಟರು ತಲೆಸುತ್ತಿನ ಮಾತ್ರೆ ಬರೆದರು. ಕಿವಿ ಡಾಕ್ಟರ ಹತ್ತಿರ ಹೋದರೆ ಕೇಳುವ ಪರೀಕ್ಷೆ ಮಾಡಿ, "ಕಿವಿ ಚೆನ್ನಾಗಿದೆ" ಎಂದರು. ನಾಲ್ಕು ತಿಂಗಳು ಹೀಗೇ ಹೋಯಿತು. ಕೊನೆಗೆ ಸಮತೋಲ ಪರೀಕ್ಷೆ ಮಾಡುವ ಒಬ್ಬ ಹುಡುಗಿ, ನಾನು ಕೋಣೆಯೊಳಗೆ ನಡೆದು ಬಂದದ್ದನ್ನು ನೋಡಿಯೇ ಕೇಳಿದಳು: "ಆಸ್ಪತ್ರೇಲಿ ಯಾವ ಇಂಜೆಕ್ಷನ್ ಕೊಟ್ಟಿದ್ರು ಸರ್? ಡಿಸ್ಚಾರ್ಜ್ ಕಾಗದ ತಂದಿದೀರಾ?" ಆ ಕಾಗದದಲ್ಲಿ ಇತ್ತು: ಜೆಂಟಾಮೈಸಿನ್, ನಾಲ್ಕು ವಾರ. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧಿ ಅದು; ಒಳಗಿವಿಯ ಸಮತೋಲವನ್ನೇ ಕೆಡಿಸಬಲ್ಲದು.

ಆ ನಾಲ್ಕು ತಿಂಗಳು ನನ್ನ ಹಾಗೆ ಇನ್ನೊಬ್ಬರು ಕಳೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆಯ ಒಂದು ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ ಬಟವಾಡೆ ಮಾಡುವವನು. ನಡೆಯುತ್ತಾ ವಿಳಾಸ ಓದುವುದೇ ನನ್ನ ಕೆಲಸ. ಈ ತೊಂದರೆ ಹೊಡೆಯುವುದೂ ಸರಿಯಾಗಿ ಅಲ್ಲಿಗೇ.

ಒಳಗೆ ಆಗುವುದೇನು

ಒಳಗಿವಿಯಲ್ಲಿ ಕೇಳುವ ಭಾಗಕ್ಕೆ ಅಂಟಿಕೊಂಡಂತೆಯೇ ಸಮತೋಲದ ಭಾಗ ಇದೆ. ಒಂದೊಂದು ಕಿವಿಗೆ ಮೂರು ಬಾಗಿದ ನಾಳ, ಎರಡು ಪುಟ್ಟ ಚೀಲ. ನಾಳದೊಳಗೆ ದ್ರವ. ನೀರು ತುಂಬಿದ ಕೊಡವನ್ನು ಥಟ್ಟನೆ ತಿರುಗಿಸಿ ನೋಡಿ: ಕೊಡ ತಿರುಗುತ್ತದೆ, ಒಳಗಿನ ನೀರು ಒಂದು ಕ್ಷಣ ಇದ್ದಲ್ಲೇ ಇರುತ್ತದೆ. ತಲೆ ತಿರುಗಿದಾಗ ನಾಳದಲ್ಲೂ ಹಾಗೇ. ಅದನ್ನು ಕೂದಲಿನಂಥ ಎಳೆಗಳಿರುವ ಕೋಶಗಳು ಗುರುತಿಸಿ ಮಿದುಳಿಗೆ ಹೇಳುತ್ತವೆ. ಸೆಕೆಂಡಿನ ನೂರರಲ್ಲೊಂದು ಪಾಲು ಕಳೆಯುವಷ್ಟರಲ್ಲಿ, ತಲೆ ಬಲಕ್ಕೆ ಹೋದಷ್ಟೇ ಕಣ್ಣು ಎಡಕ್ಕೆ ಜರುಗುತ್ತದೆ. ಹಾಗಾಗಿಯೇ ನೀವು ನಡೆಯುವಾಗ ಎದುರಿನ ಲೋಕ ಅಲುಗಾಡದೆ ನಿಂತಿರುತ್ತದೆ. ಮೇಲೆ ಯಾವುದು ಕೆಳಗೆ ಯಾವುದು ಎಂದು ಹೇಳುವುದು ಆ ಚೀಲಗಳು.

ಜೆಂಟಾಮೈಸಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಈ ಕೋಶಗಳೊಳಗೆ ಸೇರಿ ಅವನ್ನು ಸಾಯಿಸಬಲ್ಲವು. ಅದೇ ಮನೆತನದ ಅಮಿಕಾಸಿನ್, ಕನಾಮೈಸಿನ್, ನಿಯೋಮೈಸಿನ್ ಹೆಚ್ಚಾಗಿ ಕೇಳುವ ಕೋಶಗಳನ್ನು ಕೆಡಿಸುತ್ತವೆ. ಕೋಳಿಗಳಲ್ಲಿ ಸತ್ತ ಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಮನುಷ್ಯರಲ್ಲಿ ಕೆಲಸಕ್ಕೆ ಬರುವಷ್ಟು ಹುಟ್ಟುವುದಿಲ್ಲ. ಸಾಮಾನ್ಯವಾಗಿ ಎರಡೂ ಕಿವಿ ಒಟ್ಟಿಗೇ ಕೆಡುವುದರಿಂದ ಬುಗುರಿಯ ಹಾಗೆ ತಲೆ ಸುತ್ತುವುದಿಲ್ಲ. ಒಂದು ಕಿವಿ ಮಾತ್ರ ಕೆಟ್ಟರೆ ಎಡಬಲದ ಲೆಕ್ಕ ತಪ್ಪಿ ಸುತ್ತುತ್ತದೆ. ಎರಡೂ ಸಮನಾಗಿ ಮೌನವಾದರೆ ಸುತ್ತಲು ಕಾರಣವೇ ಇಲ್ಲ. ಡಾಕ್ಟರು "ತಲೆ ಸುತ್ತುತ್ತಾ?" ಎಂದು ಕೇಳುತ್ತಾರೆ, ನಾವು "ಇಲ್ಲ" ಅನ್ನುತ್ತೇವೆ, ಮಾತು ಅಲ್ಲಿಗೇ ಮುಗಿಯುತ್ತದೆ. ಕಿವಿಯೂ ಚೆನ್ನಾಗಿ ಕೇಳುತ್ತಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಹೊಸ ಸಂಗತಿಯೂ ಅಲ್ಲ. ಕ್ಷಯಕ್ಕೆ ಮೊದಲ ಗುಣಕಾರಿ ಔಷಧಿಯಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಅದನ್ನು ಬಳಸಲು ಶುರು ಮಾಡಿದ ಕೆಲವೇ ವರ್ಷಗಳಲ್ಲಿ ಈ ತೊಂದರೆ ಕಂಡಿತ್ತು. ಮೊಣಕಾಲಿನ ಕ್ಷಯಕ್ಕೆ ಅದನ್ನು ತೆಗೆದುಕೊಂಡ ಒಬ್ಬ ಅಮೆರಿಕನ್ ಡಾಕ್ಟರು 1952ರಲ್ಲಿ ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಹೃದಯ ಬಡಿತಕ್ಕೇ ಪುಸ್ತಕದ ಅಕ್ಷರ ಅದುರುತ್ತಿತ್ತಂತೆ, ಮಂಚದ ತಲೆಭಾಗದ ಎರಡು ಕಂಬಿಗಳ ನಡುವೆ ತಲೆ ಒತ್ತಿ ಹಿಡಿದು ಓದುತ್ತಿದ್ದರಂತೆ. ಇದನ್ನು ತಿಳಿದಾಗ ನನಗೆ ಕಣ್ಣು ತುಂಬಿ ಬಂತು. ಎಲೆಅಡಿಕೆ ಜಗಿಯುತ್ತಾ ಪೇಪರ್ ಹಿಡಿದರೆ ಸಾಲುಗಳು ಕುಣಿಯುತ್ತವೆ ಎಂದು ನಾನು ಹೇಳಿದಾಗ ಮನೆಯಲ್ಲಿ ಯಾರೂ ನಂಬಿರಲಿಲ್ಲ. ದವಡೆ ಆಡಿದರೆ ತಲೆ ಅದುರುತ್ತದೆ, ಕಣ್ಣು ಅದಕ್ಕೆ ಸರಿಹೊಂದಿಕೊಳ್ಳಲಾರದು. ಅಷ್ಟೇ ಅದರ ಕಾರಣ.

ಇಂಜೆಕ್ಷನ್ ಶುರುವಾಗುವ ಮೊದಲು

ಮೊದಲೇ ಹೇಳಿಬಿಡುತ್ತೇನೆ: ಈ ಔಷಧಿ ಬೇಡವೇ ಬೇಡ ಎಂದು ಹಟ ಮಾಡಬೇಡಿ. ನನಗೆ ಬಂದದ್ದು ಹೃದಯದ ಕವಾಟದ ಸೋಂಕು. ಚಿಕ್ಕವನಿದ್ದಾಗಿನ ಕೀಲುಜ್ವರದಿಂದ ಕವಾಟ ಕೆಟ್ಟಿತ್ತು, ಅಲ್ಲಿ ಬ್ಯಾಕ್ಟೀರಿಯಾ ಗೂಡು ಕಟ್ಟಿತ್ತು. ಜೊತೆಗೆ ಕೊಟ್ಟ ಆಂಪಿಸಿಲಿನ್ ಎಂಬ ಇನ್ನೊಂದು ಔಷಧಿ ಆ ಬ್ಯಾಕ್ಟೀರಿಯಾದ ಗೋಡೆ ಒಡೆದು ದಾರಿ ಮಾಡಿಕೊಡುತ್ತದೆ, ಜೆಂಟಾಮೈಸಿನ್ ಆ ದಾರಿಯಲ್ಲಿ ಒಳಹೊಕ್ಕು ಕೊಲ್ಲುತ್ತದೆ. ಎರಡೂ ಸೇರಿಯೇ ನನ್ನ ಜೀವ ಉಳಿಯಿತು. ಹಸುಗೂಸುಗಳ ರಕ್ತದ ಸೋಂಕಿಗೂ ಇಂದಿಗೂ ಇದೇ ಔಷಧಿ ಕೊಡುತ್ತಾರೆ. ಬೇಕಾದದ್ದು ಎಚ್ಚರ.

ಔಷಧಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಹೆಸರಿನ ಕೊನೆಗೆ "ಮೈಸಿನ್" ಬಂದ ಮಾತ್ರಕ್ಕೆ ಹೆದರಬೇಕಿಲ್ಲ. ಅಜಿತ್ರೊಮೈಸಿನ್, ಎರಿತ್ರೊಮೈಸಿನ್ ಈ ಮನೆತನದವಲ್ಲ. ಎಷ್ಟು ದಿನ ಕೊಡುತ್ತಾರೆ, ಇದರ ಬದಲು ಬೇರೆ ಇದೆಯಾ, ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಕೇಳಿ. ಈ ಔಷಧಿ ಹೊರಗೆ ಹೋಗುವುದು ಮೂತ್ರಪಿಂಡದ ಮೂಲಕ. ಮೂತ್ರಪಿಂಡ ಸೋತಿದ್ದರೆ ಔಷಧಿ ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಡೋಸ್ ಕಮ್ಮಿ ಮಾಡಬೇಕು ಇಲ್ಲವೇ ಡೋಸುಗಳ ನಡುವಿನ ಅಂತರ ಹೆಚ್ಚಿಸಬೇಕು. ವಯಸ್ಸಾದವರು, ಭೇದಿಯಾಗಿ ನೀರು ಕಳೆದುಕೊಂಡವರು, ಫ್ರೂಸಮೈಡ್ ಎಂಬ ನೀರಿಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು, ಹಿಂದೆ ಇದೇ ಜಾತಿಯ ಔಷಧಿ ಪಡೆದವರು ಅದನ್ನು ಬಾಯಿಬಿಟ್ಟು ಹೇಳಲೇಬೇಕು. ತಾಯಿಯ ಕಡೆಯಲ್ಲಿ ಯಾರಿಗಾದರೂ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಕಿವುಡು ಬಂದಿದ್ದರೆ ಅದನ್ನೂ ಹೇಳಿ. ತಾಯಿಯಿಂದ ಮಕ್ಕಳಿಗೆ ಬರುವ ಒಂದು ವಂಶವಾಹಿ ದೋಷ ಇದ್ದವರಿಗೆ ಸ್ವಲ್ಪ ಔಷಧಿಯೇ ಕಿವಿ ಕೆಡಿಸಬಹುದು. ಕಿವಿ ತಮಟೆಗೆ ತೂತಿದ್ದರೆ ಜೆಂಟಾಮೈಸಿನ್ ಇರುವ ಕಿವಿ ಹನಿಯನ್ನು ಅಂಗಡಿಯಲ್ಲಿ ಕೇಳಿ ಹಾಕಿಕೊಳ್ಳಬೇಡಿ.

ರಕ್ತದಲ್ಲಿ ಔಷಧಿಯ ಮಟ್ಟ ಸರಿಯಾಗಿದೆ ಎಂದಾಗಲೂ ಸಮತೋಲ ಕೆಡಬಹುದು. ಆದ್ದರಿಂದ ರಕ್ತಪರೀಕ್ಷೆಯ ಜೊತೆಗೆ ರೋಗಿಯ ಬಾಯಿಮಾತೂ ಮುಖ್ಯ.

ಹಾಸಿಗೆಯ ಮೇಲೆ ದಿನಕ್ಕೊಮ್ಮೆ ಮಾಡುವ ಪರೀಕ್ಷೆ

ಮಲಗಿದಲ್ಲೇ ಇರುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ನನಗೂ ಹಾಗೇ ಆಯಿತು. ಮಗಳು ಕೈಹಿಡಿದು ಶೌಚಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದಳು, ವಾರ್ಡಿನಲ್ಲಿ ರಾತ್ರಿಯಿಡೀ ದೀಪ ಇರುತ್ತಿತ್ತು. ಕೆಟ್ಟದ್ದು ಯಾವ ದಿನ ಎಂದು ಹೇಳಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಗೋಡೆಯ ಕ್ಯಾಲೆಂಡರನ್ನು ಮಂಚದಿಂದ ಆರೇಳು ಅಡಿ ದೂರದಲ್ಲಿ ತೂಗುಹಾಕಿ. ಕೂತುಕೊಂಡು, ತಲೆ ಆಡಿಸದೆ, ನಿಮಗೆ ಓದಲು ಆಗುವ ಅತಿ ಚಿಕ್ಕ ಅಕ್ಷರ ಯಾವುದು ನೋಡಿಕೊಳ್ಳಿ. ತಿಥಿ ನಕ್ಷತ್ರದ ಸಾಲು ಅಂದುಕೊಳ್ಳೋಣ. ಈಗ "ಇಲ್ಲ ಇಲ್ಲ" ಎನ್ನುವ ಹಾಗೆ ತಲೆಯನ್ನು ಎಡಬಲಕ್ಕೆ ಸ್ವಲ್ಪವೇ, ಸೆಕೆಂಡಿಗೆ ಎರಡು ಸಲದಷ್ಟು ಬೇಗ ಆಡಿಸುತ್ತಾ ಅದೇ ಸಾಲು ಓದಿ. ಆರೋಗ್ಯವಂತರಿಗೂ ಸ್ವಲ್ಪ ಮಸುಕಾಗುತ್ತದೆ. ಆದರೆ ನಿನ್ನೆ ತಿಥಿಯ ಸಾಲು ಓದಿದ್ದವರಿಗೆ ಇವತ್ತು ದೊಡ್ಡ ತಾರೀಖಿನ ಅಂಕಿ ಮಾತ್ರ ಕಂಡರೆ ಅದು ಎಚ್ಚರಿಕೆ. ಕತ್ತಿನ ಮೂಳೆ ಸವೆತ ಇದ್ದವರು ಇದನ್ನು ಮಾಡಬಾರದು.

ಎದ್ದು ಓಡಾಡುವ ಸ್ಥಿತಿ ಇದ್ದರೆ ಇನ್ನೊಂದು. ಕೋಣೆಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಮಾಡಿ, ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿ. ಪಕ್ಕದಲ್ಲಿ ಹಿಡಿಯಲು ಒಬ್ಬರು ಇರಲೇಬೇಕು. ನೆಲದ ಮೇಲೆ ನಿಲ್ಲಬಲ್ಲವರು ಮಡಚಿದ ಹಾಸಿಗೆಯ ಮೇಲೆ ನಿಂತಾಗ ಮಾತ್ರ ವಾಲಿಬಿಟ್ಟರೆ, ಒಳಗಿವಿಯ ಮೇಲೆ ಅನುಮಾನ ಪಡಬೇಕು. ಮೆತ್ತನೆಯ ಹಾಸಿಗೆ ಪಾದದ ಅರಿವನ್ನು ಕಸಿಯುತ್ತದೆ, ಮುಚ್ಚಿದ ಕಣ್ಣು ನೋಟವನ್ನು. ಆಗ ಉಳಿಯುವುದು ಕಿವಿಯೊಂದೇ.

ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ಹೇಳಿ. ರೌಂಡ್ಸ್‌ಗೆ ಬರುವ ಡಾಕ್ಟರಿಗೆ "ಸುಸ್ತು" ಎನ್ನಬೇಡಿ. "ತಲೆ ಆಡಿಸಿದರೆ ಅಕ್ಷರ ಕುಣಿಯುತ್ತಿದೆ, ಜೆಂಟಾಮೈಸಿನ್ ಕಾರಣ ಇರಬಹುದಾ ನೋಡಿ" ಎಂದು ಇಷ್ಟೇ ಶಬ್ದಗಳಲ್ಲಿ ಹೇಳಿ. ಔಷಧಿ ನಿಲ್ಲಿಸುವುದೋ ಬದಲಿಸುವುದೋ ಅವರ ತೀರ್ಮಾನ. ನೀವಾಗಿ ನಿಲ್ಲಿಸಿದರೆ ಸೋಂಕು ಮತ್ತೆ ಹೆಡೆಯೆತ್ತುತ್ತದೆ. ಕ್ಷಯದ ಚಿಕಿತ್ಸೆಯಲ್ಲಂತೂ ಇದನ್ನು ಎರಡು ಸಲ ಹೇಳಬೇಕು. ಆರು ತಿಂಗಳು ಕನಾಮೈಸಿನ್ ಚುಚ್ಚುವ ಕಾಲ ಹೋಯಿತು, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಎಂದಿತು. ಈಗ ಔಷಧಿಗೆ ಬಗ್ಗದ ಕ್ಷಯಕ್ಕೂ ಹೆಚ್ಚಿನವರಿಗೆ ಮಾತ್ರೆಗಳೇ ಸಾಕು. ಆದ್ದರಿಂದ ಡಾಕ್ಟರ ಹತ್ತಿರ ಬೇರೆ ದಾರಿ ಇರುತ್ತದೆ, ಕೇಳಿ.

ಕೊನೆಯ ಇಂಜೆಕ್ಷನ್ ಆದ ಮೇಲೂ ಒಂದು ತಿಂಗಳು ಕ್ಯಾಲೆಂಡರ್ ಪರೀಕ್ಷೆ ಮುಂದುವರಿಸಿ. ಈ ಔಷಧಿ ಒಳಗಿವಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಲೋಕವೇ ಗಿರ್ರನೆ ಸುತ್ತಿ, ಮಾತು ತೊದಲಿ, ಮುಖ ಸೊಟ್ಟಗಾದರೆ ಅಥವಾ ಒಂದು ಬದಿ ಸೋತರೆ ಅದು ಪಾರ್ಶ್ವವಾಯು ಇರಬಹುದು. ಅದಕ್ಕೆ ಮನೆಯ ಪರೀಕ್ಷೆ ಬೇಡ, ನೇರ ಆಸ್ಪತ್ರೆಗೆ.

ಖಚಿತ ಮಾಡಿಕೊಳ್ಳುವುದು

ಕೇಳುವ ಪರೀಕ್ಷೆ ಸರಿ ಬಂತು ಎಂದರೆ ಸಮತೋಲ ಸರಿ ಇದೆ ಎಂದಲ್ಲ. ಇದಕ್ಕೆ ಬೇರೆಯೇ ಪರೀಕ್ಷೆಗಳಿವೆ. ನನಗೆ ಕಣ್ಣಿಗೆ ಬಿಗಿಯಾದ ಕ್ಯಾಮೆರಾ ಕನ್ನಡಕ ಹಾಕಿ, ಗೋಡೆಯ ಚುಕ್ಕಿ ನೋಡಲು ಹೇಳಿ, ಆ ಹುಡುಗಿ ಹಿಂದೆ ನಿಂತು ನನ್ನ ತಲೆಯನ್ನು ಥಟ್ ಥಟ್ ಎಂದು ಸ್ವಲ್ಪ ಸ್ವಲ್ಪ ತಿರುಗಿಸಿದಳು. ಕಣ್ಣು ಚುಕ್ಕಿಯ ಮೇಲೇ ನಿಲ್ಲಬೇಕು. ನನ್ನ ಕಣ್ಣು ಪ್ರತಿ ಸಲವೂ ತಲೆಯ ಜೊತೆ ಹೋಗಿ, ಆಮೇಲೆ ಹಾರಿ ವಾಪಸು ಬರುತ್ತಿತ್ತು. ಕಂಪ್ಯೂಟರಿನಲ್ಲಿ ಎರಡೂ ಕಡೆಯ ಗೆರೆ ತೋರಿಸಿದಳು. ತಲೆಯ ಗೆರೆ ಬೆಟ್ಟದಷ್ಟು ಎತ್ತರ, ಕಣ್ಣಿನದು ಅದರ ಬುಡದಲ್ಲಿ. ಕಿವಿಗೆ ತಣ್ಣನೆ, ಬಿಸಿ ನೀರು ಬಿಟ್ಟು ನೋಡುವ ಪರೀಕ್ಷೆಯೂ ಇದೆ. ನಮ್ಮ ರಾಜ್ಯದಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ, ದೊಡ್ಡ ಊರುಗಳ ಕಿವಿ ವಿಭಾಗಗಳಲ್ಲಿ ಇಂಥ ಪರೀಕ್ಷೆ ಸಿಗುತ್ತದೆ. ಹೋಗುವಾಗ ಡಿಸ್ಚಾರ್ಜ್ ಕಾಗದ ಮರೆಯಬೇಡಿ.

ತಲೆಸುತ್ತಿನ ಮಾತ್ರೆಗಳ ಬಗ್ಗೆ ಅಲ್ಲೇ ಕೇಳಿ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್‌ನಂಥವು ಜೋರು ಸುತ್ತು, ವಾಂತಿ ಇರುವ ಕೆಲವು ದಿನಗಳಿಗೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಹೊಸ ದಾರಿ ಕಲಿಯುವುದನ್ನೇ ನಿಧಾನ ಮಾಡುತ್ತವೆ. ನಾನು ನಾಲ್ಕು ತಿಂಗಳು ನುಂಗಿದ್ದೆ.

ಕಣ್ಣಿಗೂ ಪಾದಕ್ಕೂ ಕೆಲಸ ಕೊಡುವುದು

ಸಮತೋಲಕ್ಕೆ ಮೂರು ಆಧಾರ: ಕಿವಿ, ಕಣ್ಣು, ಪಾದದ ಅರಿವು. ಒಂದು ಹೋದರೆ ಉಳಿದ ಎರಡಕ್ಕೆ ತರಬೇತಿ ಕೊಡಬೇಕು. ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಬರುವುದಿಲ್ಲ, ಅಲುಗಾಡಿದರೇ ಬರುತ್ತದೆ. ಮೊದಲ ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ, ಆಮೇಲೆ ಮನೆಯಲ್ಲೇ ಮಾಡಬಹುದು.

ಒಂದು ಪೋಸ್ಟ್ ಕಾರ್ಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ "ಕ" ಎಂದು ಬರೆದು ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿದೆ. ಮೂರು ಅಡಿ ದೂರ ಕುರ್ಚಿ. ಕಣ್ಣನ್ನು "ಕ" ಮೇಲೆ ನೆಟ್ಟು ತಲೆಯನ್ನು ಎಡಬಲಕ್ಕೆ ಒಂದು ನಿಮಿಷ, ಸ್ವಲ್ಪ ಸುಧಾರಿಸಿಕೊಂಡು ಮೇಲೆ ಕೆಳಗೆ ಒಂದು ನಿಮಿಷ. ಅಕ್ಷರ ಸ್ಪಷ್ಟ ಇರುವಷ್ಟೇ ವೇಗ. ಒಡೆದು ಎರಡಾಗುವ ಅಂಚಿನ ತನಕ ಹೋಗಬೇಕು, ಅಂಚು ದಾಟಬಾರದು. ಮೊದಲ ದಿನ ಗೋಡೆ ಗಡಿಯಾರದ ಟಿಕ್ ಟಿಕ್‌ಗೆ ಒಂದು ಸಲ ತಿರುಗಿಸಿದರೂ "ಕ" ಕಲಸಿ ಹೋಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಮೂರನೇ ವಾರಕ್ಕೆ ಟಿಕ್‌ಗೆ ಎರಡು ಸಲ ತಿರುಗಿಸಿದರೂ ನಿಂತಿತು. ದಿನಕ್ಕೆ ನಾಲ್ಕೈದು ಸಲ ಹಂಚಿಕೊಂಡು ಒಟ್ಟು 20ರಿಂದ 40 ನಿಮಿಷ ಆಗಬೇಕು, ಐದಾರು ವಾರ ಬಿಡದೆ. ಕೂತು ಬಂದ ಮೇಲೆ ನಿಂತು, ನಿಂತು ಬಂದ ಮೇಲೆ ಜಗಲಿಯ ಮೇಲೆ ನಡೆಯುತ್ತಾ.

ಇನ್ನೊಂದಕ್ಕೆ ಎರಡು ಕಾರ್ಡು ಬೇಕು, ಎರಡೂ ಒಟ್ಟಿಗೆ ಕಾಣುವಷ್ಟು ಹತ್ತಿರ. ಮೊದಲು ಕಣ್ಣು ಮಾತ್ರ ಎರಡನೇ ಕಾರ್ಡಿಗೆ ಹೋಗಬೇಕು, ಆಮೇಲೆ ತಲೆ ಹಿಂಬಾಲಿಸಬೇಕು. ನನಗೆ ರಸ್ತೆ ದಾಟುವಾಗ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ನಿಲ್ಲುವ ಅಭ್ಯಾಸಕ್ಕೆ ಕೋಣೆಯ ಮೂಲೆ, ಎದುರಿಗೆ ಒಂದು ಕುರ್ಚಿ. ಪಾದ ಜೋಡಿಸಿ, ಆಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ, ಆಮೇಲೆ ಕಣ್ಣು ಮುಚ್ಚಿ, ಕೊನೆಗೆ ದಿಂಬಿನ ಮೇಲೆ. ಸುಲಭವಾದದ್ದನ್ನು ಬಿಟ್ಟು ಸ್ವಲ್ಪ ಕಷ್ಟದ್ದಕ್ಕೆ ಹೋಗುತ್ತಿರಬೇಕು.

ಪಾದದ ವಿಷಯಕ್ಕೆ: ದಪ್ಪ ಮೆತ್ತನೆ ಚಪ್ಪಲಿ ಬಿಟ್ಟು ತೆಳು ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡೆ. ಸಕ್ಕರೆ ಕಾಯಿಲೆ ಇದ್ದವರು ಪಾದ ಜೋಮು ಹಿಡಿಯದಂತೆ ನೋಡಿಕೊಳ್ಳಬೇಕು, ಅದು ಹೋದರೆ ಉಳಿಯುವುದು ಕಣ್ಣು ಮಾತ್ರ. ಕಣ್ಣಿನ ಪೊರೆ ಬಂದಿದ್ದರೆ ಮುಂದೂಡದೆ ತೆಗೆಸಿ.

ಮನೆ, ಬಚ್ಚಲು, ಹೊಳೆ

ನಾನು ಬಿದ್ದದ್ದು ಬಚ್ಚಲಲ್ಲಿ. ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿ, ಹಂಡೆಯಿಂದ ನೀರು ತೋಡಲು ಬಗ್ಗಿದ್ದೆ. ಕಣ್ಣಿಲ್ಲ, ಪಾದದಡಿ ಜಾರುವ ಕಲ್ಲು, ಬಗ್ಗಿದ ತಲೆ. ಈಗ ಮಣೆಯ ಮೇಲೆ ಕೂತೇ ಸ್ನಾನ, ಗೋಡೆಗೆ ಒಂದು ಕಬ್ಬಿಣದ ಹಿಡಿ. ಮಲಗುವ ಕೋಣೆಯಿಂದ ಬಚ್ಚಲ ತನಕ ರಾತ್ರಿಯಿಡೀ ಸಣ್ಣ ದೀಪ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು, ಹಾಗಾಗಿ ದಿಂಬಿನ ಪಕ್ಕ ಟಾರ್ಚು. ಕತ್ತಲಲ್ಲಿ ನಿಂತುಬಿಟ್ಟರೆ ಗೋಡೆಯನ್ನು ಬೆರಳ ತುದಿಯಿಂದ ಮುಟ್ಟಿ, ಒರಗಬೇಡಿ. ಆ ಮುಟ್ಟುವಿಕೆಯೇ ಮಿದುಳಿಗೆ ದಿಕ್ಕು ಹೇಳುತ್ತದೆ. ಏಣಿ, ಮರ, ಸಂಕ ಈಗ ನನಗಿಲ್ಲ. ಸೈಕಲ್ಲೂ ಹತ್ತುವುದಿಲ್ಲ.

ನೀರಿನ ವಿಷಯದಲ್ಲಿ ರಿಯಾಯಿತಿಯೇ ಬೇಡ. ನೀರಿನಲ್ಲಿ ಮುಳುಗಿದಾಗ ಪಾದಕ್ಕೆ ನೆಲವಿಲ್ಲ, ಕಣ್ಣಿಗೆ ಗುರುತಿಲ್ಲ. ಕಿವಿಯೂ ಇಲ್ಲದಿದ್ದರೆ ಮೇಲೆ ಯಾವುದು ಎಂದು ತಿಳಿಯದೆ ಆಳಕ್ಕೇ ಈಜುವ ಅಪಾಯವಿದೆ. ಎಷ್ಟು ದೊಡ್ಡ ಈಜುಗಾರನಾದರೂ ಅಷ್ಟೇ. ಎಳ್ಳಮಾವಾಸ್ಯೆ ಜಾತ್ರೆಗೆ ತುಂಗೆಯಲ್ಲಿ ಮೂರು ಮುಳುಗು ಹಾಕುವುದು ನಮ್ಮ ಮನೆಯ ಪದ್ಧತಿ. ಈಗ ಮೆಟ್ಟಿಲ ಮೇಲೆ ಕೂರುತ್ತೇನೆ, ಮೊಮ್ಮಗ ಚೊಂಬಿನಲ್ಲಿ ತಂದು ತಲೆಗೆ ಹಾಕುತ್ತಾನೆ.

ಜನರ ಮಾತಿಗೂ ಸಿದ್ಧವಾಗಿರಿ. ಮುಸ್ಸಂಜೆಯಲ್ಲಿ ಕಾಲು ಅಗಲಿಸಿ ವಾಲಾಡುತ್ತಾ ಬಂದ ನನ್ನನ್ನು ನೋಡಿ, ಅಂಗಡಿ ಕಟ್ಟೆಯಲ್ಲಿ "ಪೋಸ್ಟಣ್ಣ ಇತ್ತೀಚೆಗೆ ಹಾಕ್ತಾನೆ" ಎಂದದ್ದು ಕಿವಿಗೆ ಬಿತ್ತು. ಬಹಳ ನೋವಾಯಿತು. ಮಾರನೇ ದಿನ ಅದೇ ಕಟ್ಟೆಯಲ್ಲಿ ಕೂತು ಇಂಜೆಕ್ಷನ್ನಿನ ಕತೆ ಪೂರ್ತಿ ಹೇಳಿದೆ. ಆಮೇಲೆ ಅವರೇ ಕತ್ತಲಾದರೆ ಮನೆ ತನಕ ಬಂದು ಬಿಡುತ್ತಾರೆ. ಕೈಯಲ್ಲಿ ಒಂದು ಕೋಲು ಇದ್ದರೆ ನೋಡುವವರಿಗೂ ಅರ್ಥವಾಗುತ್ತದೆ, ನಿಮಗೂ ಮೂರನೇ ಪಾದ.

ಕೆಲಸ ಬಿಡಲಿಲ್ಲ. ಈಗ ಹೊರಡುವ ಮೊದಲೇ ಟಪಾಲನ್ನು ದಾರಿಯಲ್ಲಿ ಸಿಗುವ ಮನೆಗಳ ಕ್ರಮಕ್ಕೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ, ನಡೆಯುತ್ತಾ ಓದುವುದೇ ಇಲ್ಲ. ವಿಳಾಸ ನೋಡಬೇಕಾದರೆ ನಿಲ್ಲುತ್ತೇನೆ. ನಡೆಯುವಾಗ ಕಣ್ಣು ಇಪ್ಪತ್ತು ಮಾರು ದೂರದ ಒಂದು ಮರದ ಮೇಲೆ. ಸಂಕದ ಆಚೆಯ ನಾಲ್ಕು ಮನೆಯವರು ಈಚೆ ದಡದಲ್ಲೇ ಒಂದು ತಗಡಿನ ಪೆಟ್ಟಿಗೆ ಕಟ್ಟಿದ್ದಾರೆ. ಸಹಿ ಬೇಕಾದ ಟಪಾಲು ಬಂದರೆ ಫೋನ್ ಮಾಡುತ್ತೇನೆ, ಅವರೇ ಬಂದು ಸಹಿ ಹಾಕುತ್ತಾರೆ. ಸಂಜೆಯ ಹೊತ್ತಿಗೆ ದಣಿವು ಜಾಸ್ತಿ. ಕಿವಿ ಮಾಡುತ್ತಿದ್ದ ಕೆಲಸವನ್ನು ಮಿದುಳು ದಿನವಿಡೀ ಮಾಡಿರುತ್ತದೆ. ಊಟ ಮಾಡಿ ಬೇಗ ಮಲಗುತ್ತೇನೆ.

ಆಸ್ಪತ್ರೆ ಫೈಲಿನ ಮೊದಲ ಪುಟಕ್ಕೆ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದೇನೆ: "ಜೆಂಟಾಮೈಸಿನ್‌ನಿಂದ ಎರಡೂ ಕಿವಿಯ ಸಮತೋಲ ಹೋಗಿದೆ. ಈ ಗುಂಪಿನ ಔಷಧಿ ಕೊಡುವ ಮೊದಲು ಕೇಳಿ." ಅದೇ ಸಾಲಿನ ಫೋಟೋ ಮಗಳ ಮೊಬೈಲಿನಲ್ಲೂ ಇದೆ. ಔಷಧಿಯಿಂದ ಆದ ಹಾನಿಯನ್ನು ದಾಖಲು ಮಾಡಲು ಭಾರತ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಫೋನ್ ಇದೆ: 1800-180-3024. ರೋಗಿಗಳೇ ಮಾಡಬಹುದು. ಔಷಧಿಯ ಹೆಸರು, ಎಷ್ಟು ದಿನ ಕೊಟ್ಟರು, ತೊಂದರೆ ಕಂಡದ್ದು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಮಾಡಿ.